ದಿನಕ್ಕೆ 46 ಸಾವಿರ ಮಂದಿ

1978ರಲ್ಲಿ ಚೀನಾದ ಪಟ್ಟಣ, ನಗರಗಳಲ್ಲಿ ಇದ್ದವರು 17 ಕೋಟಿ ಚಿಲ್ಲರೆ. 2023ರ ಕೊನೆಗೆ 93 ಕೋಟಿ. ನಡುವಿನ 45 ವರ್ಷಗಳಿಗೆ ಹಂಚಿದರೆ ದಿನಕ್ಕೆ 46 ಸಾವಿರ ಮಂದಿಯಾಯಿತು. 2011ರ ಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ 33 ಸಾವಿರ. ಮಡಿಕೇರಿಗಿಂತ ದೊಡ್ಡ ಊರೊಂದು ದಿನಾ, ಹಬ್ಬ ಹರಿದಿನ ಎನ್ನದೆ, 45 ವರ್ಷ ಪೇಟೆಯ ಲೆಕ್ಕಕ್ಕೆ ಸೇರುತ್ತಲೇ ಹೋಯಿತು. ನಗರದಲ್ಲೇ ಹುಟ್ಟಿದವರು, ಇದ್ದ ಹಳ್ಳಿಯೇ ಪಟ್ಟಣವಾದವರು ಕೂಡ ಇದರಲ್ಲಿದ್ದಾರೆ, ನಿಜ. ಆದರೆ ಪಟ್ಟೆಪಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಹಾಸಿಗೆ ತುಂಬಿಕೊಂಡು ರೈಲು ಹತ್ತಿದವರೇ ಕೋಟಿ ಕೋಟಿ.

ಅವರು ಹೊರಟದ್ದೇಕೆ? ಆದಾಯದ ಅಂತರ ನೋಡಿ. 1978ರಲ್ಲಿ ನಗರದವರ ತಲಾ ಆದಾಯ ಹಳ್ಳಿಯವರದಕ್ಕಿಂತ ಎರಡೂವರೆ ಪಟ್ಟು. ಹೊಲಗಳನ್ನು ಮನೆಮನೆಗೆ ಹಂಚಿಕೊಟ್ಟು, ಬೆಳೆಗೆ ಒಳ್ಳೆಯ ಬೆಲೆ ಸಿಕ್ಕಾಗ, 1985ರ ಹೊತ್ತಿಗೆ ಅದು 1.86ಕ್ಕೆ ಇಳಿಯಿತು. ಆಮೇಲೆ ಕಾರ್ಖಾನೆಗಳು ಎದ್ದವು, ನಗರಗಳು ಓಡಿದವು, 2009ರಲ್ಲಿ 3.33. 2023ರಲ್ಲಿ 2.39. ಇಳಿದಿದೆ ಎಂದು ಸಮಾಧಾನಪಡುವ ಮೊದಲು ದುಡ್ಡಿನಲ್ಲೂ ಎಣಿಸಬೇಕು. 1978ರಲ್ಲಿ ಇಬ್ಬರ ನಡುವಿನ ವ್ಯತ್ಯಾಸ ವರ್ಷಕ್ಕೆ 210 ಯುವಾನ್. 2023ರಲ್ಲಿ 30,130 ಯುವಾನ್, ಹೆಚ್ಚುಕಡಿಮೆ ಮೂರೂವರೆ ಲಕ್ಷ ರೂಪಾಯಿ. ಈ ಅವಧಿಯಲ್ಲಿ ಬೆಲೆಗಳು ಏರಿದ್ದು ಸುಮಾರು ಏಳು ಪಟ್ಟು; ವ್ಯತ್ಯಾಸ ಬೆಳೆದದ್ದು 143 ಪಟ್ಟು.

ನನ್ನನ್ನು ಹೆಚ್ಚು ಬೆಚ್ಚಿಬೀಳಿಸುವುದು ಬೇರೆಯೇ ಲೆಕ್ಕ. 1958ರ ಕಾನೂನಿನ ಪ್ರಕಾರ ಅಲ್ಲಿ ಪ್ರತಿ ಮನೆಗೂ ಹುಕೋ ಎಂಬ ನೋಂದಣಿ ಪುಸ್ತಕ ಉಂಟು. ಹಳ್ಳಿಯವರ ಮಗುವಿಗೆ ಹಳ್ಳಿಯದೇ ಪುಸ್ತಕ. ಶೆಂಜೆನ್ ನಗರದಲ್ಲಿ ಇಪ್ಪತ್ತು ವರ್ಷ ದುಡಿದರೂ ಅದು ತಾನಾಗಿ ಬದಲಾಗದು. ಸರ್ಕಾರಿ ಶಾಲೆಯ ಸೀಟು, ಆಸ್ಪತ್ರೆಯ ವಿಮೆ, ಮುಪ್ಪಿನ ಪಿಂಚಣಿ ಎಲ್ಲವೂ ಬಹುಮಟ್ಟಿಗೆ ಅದಕ್ಕೇ ಅಂಟಿಕೊಂಡಿವೆ. 2023ರಲ್ಲಿ ನೂರಕ್ಕೆ 66 ಜನ ನಗರದಲ್ಲಿ ವಾಸವಿದ್ದರು. ನಗರದ ಪುಸ್ತಕ ಇದ್ದದ್ದು 48 ಜನರಿಗೆ. ನಡುವೆ ಬಿದ್ದವರು ಸುಮಾರು 25 ಕೋಟಿ: ನಾಲ್ಕು ಕರ್ನಾಟಕ.

ಅವರ ಮಕ್ಕಳೆಲ್ಲಿ? 2010ರ ಗಣತಿಯ ಆಧಾರದ ಮೇಲೆ ಅಲ್ಲಿನ ಮಹಿಳಾ ಒಕ್ಕೂಟ ಅಂದಾಜು ಮಾಡಿತು: ಅಪ್ಪನೋ ಅಮ್ಮನೋ, ಇಲ್ಲಾ ಇಬ್ಬರೂ, ದೂರದ ಕೆಲಸಕ್ಕೆ ಹೋಗಿ ಹಳ್ಳಿಯಲ್ಲಿ ಉಳಿದ ಮಕ್ಕಳು 6.10 ಕೋಟಿ. ಮರುವರ್ಷದ ಗಣತಿಯಲ್ಲಿ ನಮ್ಮ ರಾಜ್ಯದ ಜನಸಂಖ್ಯೆ 6.11 ಕೋಟಿ. ಬೀದರ್‌ನಿಂದ ಚಾಮರಾಜನಗರದವರೆಗೆ, ತೊಟ್ಟಿಲ ಕೂಸಿನಿಂದ ಶತಾಯುಷಿಯವರೆಗೆ, ಇಡೀ ಕರ್ನಾಟಕದಷ್ಟು ಮಂದಿ, ಅದೂ ಹದಿನೆಂಟು ತುಂಬದವರೇ. ತಾಯಿ ಡೊಂಗ್‌ಗುವಾನ್‌ನ ಕಾರ್ಖಾನೆಯಲ್ಲಿ, ಮಗು ಸಿಚುವಾನ್‌ನ ಅಜ್ಜಿಯ ಮನೆಯಲ್ಲಿ. ಹೊಸವರ್ಷದ ರಜೆಗೆ ಬಂದ ತಾಯಿಯನ್ನು ಕಂಡು ಗುರುತು ಹತ್ತದೆ ಅಜ್ಜಿಯ ಹಿಂದೆ ಸರಿಯುವ ಮಗು. 2016ರಲ್ಲಿ ಸರ್ಕಾರ ವ್ಯಾಖ್ಯೆ ಬಿಗಿಮಾಡಿ, ಹದಿನಾರರೊಳಗಿನ, ತಂದೆತಾಯಿ ಇಬ್ಬರೂ ದೂರವಿರುವವರನ್ನೇ ಮುಖ್ಯವಾಗಿ ಎಣಿಸಿದಾಗ ಸಂಖ್ಯೆ 90 ಲಕ್ಷಕ್ಕೆ ಇಳಿಯಿತು. ಲೆಕ್ಕದಿಂದ ಬಿಟ್ಟುಹೋದ ಕೋಟ್ಯಂತರ ಮಕ್ಕಳಿಗೆ ಅದರಿಂದ ಅಪ್ಪ ಅಮ್ಮ ಹತ್ತಿರವಾಗಲಿಲ್ಲ.

ಮೊದಲ ತಲೆಮಾರಿನ ಆ ವಲಸೆ ಕಾರ್ಮಿಕರಿಗೆ ಈಗ ವಯಸ್ಸಾಗುತ್ತಿದೆ. 2023ರಲ್ಲಿ ಹಳ್ಳಿಯ ಪುಸ್ತಕವಿದ್ದು ಬೇಸಾಯದಾಚೆ ದುಡಿಯುವ ಒಟ್ಟು 29.75 ಕೋಟಿ ಕಾರ್ಮಿಕರಲ್ಲಿ ಐವತ್ತು ದಾಟಿದವರು ನೂರಕ್ಕೆ 30ಕ್ಕೂ ಹೆಚ್ಚು, ಅಂದರೆ ಸುಮಾರು 9 ಕೋಟಿ. ಗಗನಚುಂಬಿಗಳಿಗೆ, ಮೆಟ್ರೊ ಸುರಂಗಗಳಿಗೆ ಮೈಮುರಿದು ದುಡಿದ ಕೈಗಳಿವು. ಇವರಲ್ಲಿ ಬಹುಪಾಲು ಜನ ಊರಿಗೆ ಮರಳಿದರೆ ನೆಚ್ಚಬೇಕಾದ್ದು ಗ್ರಾಮೀಣ ಪಿಂಚಣಿಯನ್ನೇ. 2024ರಲ್ಲಿ ಅದರ ಕನಿಷ್ಠ ಮೊತ್ತ ತಿಂಗಳಿಗೆ 123 ಯುವಾನ್, ದಿನಕ್ಕೆ ನಾಲ್ಕು ಯುವಾನ್. ನಗರದ ನಿವೃತ್ತ ನೌಕರರಿಗೆ ಸರಾಸರಿ ತಿಂಗಳಿಗೆ 3 ಸಾವಿರಕ್ಕೂ ಮಿಕ್ಕಿ.