ಜರ್ಮನ್ ಶಬ್ದಾಭ್ಯಾಸದಲ್ಲಿ ಲಿಂಗವಿಚಾರ

ಜರ್ಮನ್ ಭಾಷೆಯಲ್ಲಿ ನಾಮಪದಗಳ ಲಿಂಗವು ಅರ್ಥವನ್ನು ಅನುಸರಿಸಿ ನಡೆಯುವುದಿಲ್ಲ. ಊಟದ ಮೇಜಿನ ಮೇಲಿನ ಮೂರು ವಸ್ತುಗಳಲ್ಲಿಯೇ ಮೂರು ಲಿಂಗಗಳೂ ಕಾಣಬರುವುವು: ಚಮಚವು ‘ಡೆರ್ ಲ್ಯೊಫೆಲ್’, ಪುಲ್ಲಿಂಗ, ಮುಳ್ಳುಚಮಚವು ‘ಡೀ ಗಾಬೆಲ್’, ಸ್ತ್ರೀಲಿಂಗ, ಚಾಕುವು ‘ಡಸ್ ಮೆಸ್ಸೆರ್’, ನಪುಂಸಕಲಿಂಗ. ಕನ್ನಡದಲ್ಲಿ ಲಿಂಗವು ಬಹುಮಟ್ಟಿಗೆ ಅರ್ಥಾನುಸಾರಿಯಾದುದರಿಂದ ಕನ್ನಡ ವಿದ್ಯಾರ್ಥಿಗೆ ಇದು ವಿಪರೀತವಾಗಿ ತೋರುವುದು ಸಹಜ. ಸಂಸ್ಕೃತವನ್ನು ಬಲ್ಲವನಿಗಾದರೋ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹೆಂಡತಿಯೆಂಬ ಒಂದೇ ಅರ್ಥದಲ್ಲಿ ‘ಭಾರ್ಯಾ’ ಶಬ್ದವು ಸ್ತ್ರೀಲಿಂಗ, ‘ದಾರ’ ಶಬ್ದವು ಪುಲ್ಲಿಂಗ, ಅದೂ ನಿತ್ಯಬಹುವಚನ, ‘ಕಲತ್ರ’ವು ನಪುಂಸಕ. ಹುಡುಗಿಯೆಂಬ ಅರ್ಥದ ‘ಮೇಡ್‌ಶೆನ್’ ನಪುಂಸಕವೆಂದು ಕೇಳಿ ನಗುವ ಸಂಸ್ಕೃತಜ್ಞರು ಕಲತ್ರವನ್ನು ಮರೆತಿರಬೇಕು! ಅಲ್ಪಾರ್ಥದ ‘ಶೆನ್’ ಪ್ರತ್ಯಯವು ಸೇರಿದ ನಾಮಪದಗಳು ಆ ಭಾಷೆಯಲ್ಲಿ ನಪುಂಸಕಗಳೇ.

ಆದುದರಿಂದ ಮೊದಲ ದಿನದಿಂದಲೇ ಪ್ರತಿಯೊಂದು ಶಬ್ದವನ್ನೂ ಅದರ ಲಿಂಗಸೂಚಕ ಪದದೊಡನೆ ಬಾಯಿಪಾಠ ಮಾಡಿಸತಕ್ಕದ್ದು. ನಾಮಲಿಂಗಾನುಶಾಸನವೆಂಬ ಹೆಸರುಳ್ಳ ಅಮರಕೋಶದ ಮಾರ್ಗವೂ ಇದೇ. ಅಲ್ಲಿ ನಾಮದೊಡನೆಯೇ ಲಿಂಗವೂ ಮನಸ್ಸಿಗೆ ಹತ್ತುವುದು. ‘ಟಿಷ್’ ಎಂದರೆ ಮೇಜು ಎಂದಷ್ಟೇ ಕಲಿಸಿ, ಲಿಂಗವನ್ನು ಮುಂದಿನ ವ್ಯಾಕರಣಪಾಠಕ್ಕೆ ಬಿಡುವ ಪದ್ಧತಿಯಿಂದ ಹಾನಿಯೇ ಹೆಚ್ಚು. ಏಕೆಂದರೆ ಈ ಸೂಚಕಪದಗಳು ವಿಭಕ್ತಿಗೆ ತಕ್ಕಂತೆ ಮಾರ್ಪಡುವುವು. ‘ಡೆರ್ ಟಿಷ್’ ಎಂಬುದು ಕರ್ಮವಾದಾಗ ‘ಡೆನ್ ಟಿಷ್’ ಆಗುವುದು. ‘ಮುಳ್ಳುಚಮಚದಿಂದ’ ಎನ್ನಬೇಕಾದರೆ ‘ಮಿಟ್ ಡೆರ್ ಗಾಬೆಲ್’ ಎನ್ನಬೇಕು. ಪ್ರಥಮಾವಿಭಕ್ತಿಯ ‘ಡೀ ಗಾಬೆಲ್’ ನಾಲಗೆಯಲ್ಲಿ ನೆಲೆಸದಿದ್ದವನು ಇಲ್ಲಿಯ ‘ಡೆರ್’ ಎಂಬುದನ್ನು ಕಂಡು ಶಬ್ದವು ಪುಲ್ಲಿಂಗವೆಂದೇ ನಿಶ್ಚಯಿಸಿಬಿಡುವನು. ಹಾಗೆ ಬೇರೂರಿದ ತಪ್ಪನ್ನು ಕೀಳುವುದು ಹೊಸ ಶಬ್ದವನ್ನು ಕಲಿಸುವುದಕ್ಕಿಂತ ಕಷ್ಟ. ಮೂರು ಲಿಂಗಗಳನ್ನು ಮೂರು ಬಣ್ಣಗಳಲ್ಲಿ ಬರೆಯಿಸುವ ಉಪಾಯವು ಕಣ್ಣಿಗೆ ನೆರವಾದೀತು, ನಾಲಗೆಗಲ್ಲ. ಬಹುವಚನವನ್ನೂ ಜೊತೆಯಲ್ಲಿಯೇ ಕಲಿಸುವುದು ಮೇಲು: ‘ಟಿಷ್’ ‘ಟಿಷೆ’ಯಾಗುವುದು, ‘ಗಾಬೆಲ್’ ‘ಗಾಬೆಲ್ನ್’ ಆಗುವುದು, ‘ಮೆಸ್ಸೆರ್’ ಮಾರ್ಪಡುವುದೇ ಇಲ್ಲ.

ಸಂಸ್ಕೃತಾಭ್ಯಾಸಿಗಳಿಗೆ ಇನ್ನೊಂದು ಸೌಕರ್ಯವುಂಟು. ಯಾಕೋಬ್ ಗ್ರಿಮ್ ಎಂಬ ಪಂಡಿತನು 1822ರಲ್ಲಿ ನಿರೂಪಿಸಿದ ಧ್ವನಿನಿಯಮವನ್ನು ತಿಳಿದರೆ ‘ಪಿತೃ’ವಿಗೆ ‘ಫಾಟೆರ್’, ‘ದಂತ’ಕ್ಕೆ ‘ತ್ಸಾನ್’, ‘ದಶ’ಕ್ಕೆ ‘ತ್ಸೇನ್’ ಜ್ಞಾತಿಶಬ್ದಗಳೆಂಬುದು ಹೊಳೆಯುವುದು. ಆದರೆ ಈ ಬಾಂಧವ್ಯದಿಂದ ಲಿಂಗವನ್ನು ಊಹಿಸಬಾರದು. ಸೂರ್ಯವಾಚಕವಾದ ‘ಜೊನ್ನೆ’ ಸ್ತ್ರೀಲಿಂಗ.

ಸಮಾಸಗಳ ವಿಷಯದಲ್ಲಿ ಮಾತ್ರ ಊಹೆಗೆ ಭದ್ರವಾದ ಆಧಾರವಿದೆ. ತತ್ಪುರುಷದಲ್ಲಿ ಉತ್ತರಪದದ ಲಿಂಗವೇ ಸಮಸ್ತಪದದ ಲಿಂಗವೆಂದು ಪಾಣಿನಿಯು ವಿಧಿಸಿರುವನು. ಜರ್ಮನ್ ಸಮಾಸಗಳ ರೀತಿಯೂ ಅದೇ. ಮನೆಯು ‘ಡಸ್ ಹೌಸ್’, ಬಾಗಿಲು ‘ಡೀ ಟ್ಯೂರ್’. ಮನೆಬಾಗಿಲು ‘ಡೀ ಹೌಸ್‌ಟ್ಯೂರ್’. ಕೈಗವಸನ್ನು ಆ ಜನರು ‘ಹಾಂಟ್‌ಷೂ’, ಎಂದರೆ ಕೈಯ ಪಾದರಕ್ಷೆ, ಎನ್ನುವರು. ಕೈಯ ಅರ್ಥದ ‘ಹಾಂಟ್’ ಸ್ತ್ರೀಲಿಂಗವಾದರೂ ‘ಷೂ’ ಪುಲ್ಲಿಂಗವಾದುದರಿಂದ ಇಡಿಯ ಪದವು ಪುಲ್ಲಿಂಗ. ಆಸ್ಪತ್ರೆಯ ಹೆಸರಾದ ‘ಕ್ರಾಂಕೆನ್‌ಹೌಸ್’, ರೋಗಿಗಳ ಮನೆ, ಮನೆಯಂತೆಯೇ ನಪುಂಸಕ. ಇಂಥ ಪದಗಳನ್ನು ಅವುಗಳ ಉತ್ತರಪದವು ಕಂಠಸ್ಥವಾದ ಬಳಿಕವೇ ಪಾಠಕ್ಕೆ ತರಬೇಕು.