ಆಲೂಗೆಡ್ಡೆ ಸಾಲುಗಳ ನಡುವೆ ಅರ್ಜುನನ ಗುಡಿ

ಇಂಡೊನೇಷ್ಯಾದ ಮಧ್ಯ ಜಾವಾ ಪ್ರಾಂತ್ಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿ, ಸುತ್ತ ಗುಡ್ಡಗಳಿರುವ ಬಟ್ಟಲಿನಂಥ ಬಯಲಿನ ಅಂಚಿಗೆ ಡಿಯೆಂಗ್ ಕುಲೋನ್ ಎಂಬ ಹಳ್ಳಿಯಿದೆ. ಜಾವಾ ಭಾಷೆಯಲ್ಲಿ ಕುಲೋನ್ ಎಂದರೆ ಪಡುವಣ. ಪಕ್ಕದಲ್ಲೇ ಡಿಯೆಂಗ್ ವೆತಾನ್, ಅಂದರೆ ಮೂಡಣ ಡಿಯೆಂಗ್. ಮನೆಗಳು ಒಂದಕ್ಕೊಂದು ತಾಗಿಕೊಂಡಿದ್ದರೂ ಜಿಲ್ಲೆ ಬೇರೆ ಬೇರೆ. ಪಡುವಣದ ಊರು ಬಂಜಾರ್‌ನೆಗಾರಾ ಜಿಲ್ಲೆಗೆ ಸೇರಿದರೆ ಮೂಡಣದ್ದು ವೊನೊಸೊಬೊಗೆ. ಆದರೂ ಎರಡೂ ಊರಿನವರು ಸಂತೆ-ಪೇಟೆಗೆಂದು ಇಳಿಯುವುದು ಸುಮಾರು 26 ಕಿಲೋಮೀಟರ್ ದೂರದ ವೊನೊಸೊಬೊ ಪಟ್ಟಣಕ್ಕೇ.

ಇಲ್ಲಿನ ಹೆಸರುಗಳು ಕನ್ನಡದ ಕಿವಿಗೆ ಪೂರ್ತಿ ಹೊಸವಲ್ಲ. ಸಂಸ್ಕೃತದ ‘ಅ’ಕಾರ ಜಾವಾದವರ ನಾಲಿಗೆಯಲ್ಲಿ ಬಹಳ ಸಲ ‘ಒ’ ಆಗುತ್ತದೆ. ಅದು ಗೊತ್ತಾದರೆ ವೊನೊಸೊಬೊ ಎಂಬುದರೊಳಗೆ ‘ವನ’ ಮತ್ತು ‘ಸಭೆ’ ಕಾಣುತ್ತವೆ. ಹಳ್ಳಿಗೆ ಅಲ್ಲಿ ‘ದೇಸ’ ಎನ್ನುತ್ತಾರೆ. ಹಸಿರು, ನೀಲಿ, ಹಳದಿ ಎಂದು ಬಣ್ಣ ಬದಲಿಸುವ ಗಂಧಕದ ಕೆರೆಯ ಹೆಸರು ‘ತೆಲಾಗಾ ವಾರ್ನಾ’; ಮೊದಲ ಪದದ ಮೂಲ ತಟಾಕ, ಎರಡನೆಯದು ವರ್ಣ. ಡಿಯೆಂಗ್ ಎಂಬುದು ಮಾತ್ರ ಅಚ್ಚ ಜಾವಾ ಮಾತು. ‘ದಿ ಹ್ಯಾಂಗ್’ ಎಂದರೆ ದೇವತೆಗಳ ನೆಲೆ. ಹ್ಯಾಂಗ್ ಎಂದು ಕರೆಯುವುದು ದೇವರನ್ನೂ ಪಿತೃಗಳನ್ನೂ.

ದೂರದಿಂದ ನೋಡುವವರಿಗೆ ಡಿಯೆಂಗ್ ಜ್ವಾಲಾಮುಖಿಯಂತೆ ಕಾಣುವುದೇ ಇಲ್ಲ. ನೆರೆಯ ಸಿಂದೋರೊ, ಸುಂಬಿಂಗ್ ಪರ್ವತಗಳಿಗಿರುವ ಚೂಪು ಶಿಖರ ಇದಕ್ಕಿಲ್ಲ. ಇರುವುದು ಹಲವು ಹಳೆಯ ಬಾಯಿಗಳು ಒಂದರ ಪಕ್ಕ ಒಂದು ತೆರೆದು, ಕುಸಿದು, ಮುಚ್ಚಿ ಉಂಟಾದ ಎತ್ತರದ ಬಯಲು. ಒಳಗಿನ ಬೆಂಕಿ ಆರಿಲ್ಲ. ಹಳ್ಳಿಯ ದಕ್ಷಿಣಕ್ಕಿರುವ ಸಿಕಿಡಾಂಗ್ ಕುಳಿಯಲ್ಲಿ ಬೂದುಬಣ್ಣದ ಕೆಸರು ಕುದಿಯುತ್ತಲೇ ಇರುತ್ತದೆ. ಕಿಡಾಂಗ್ ಎಂದರೆ ಜಿಂಕೆ. ಹಬೆಯ ಬಾಯಿ ಇದ್ದಲ್ಲೇ ಇರದೆ ಆಗಾಗ ಜಾಗ ಬದಲಿಸುವುದನ್ನು ಕಂಡವರು ಕುಳಿಗೆ ಆ ಹೆಸರಿಟ್ಟರು. ಸಿಲೆರಿ ಎಂಬ ಇನ್ನೊಂದು ಕುಳಿಯ ನೀರು ಅಕ್ಕಿ ತೊಳೆದ ಕಲಗಚ್ಚಿನ ಬಣ್ಣದ್ದು; ಹೆಸರಿನ ಅರ್ಥವೂ ಅದೇ. 2017ರ ಜುಲೈಯಲ್ಲಿ ಅದು ಇದ್ದಕ್ಕಿದ್ದಂತೆ ಸಿಡಿದು ಪ್ರವಾಸಿಗರು ಗಾಯಗೊಂಡರು. ಮೂರನೆಯದು ಚಂದ್ರದಿಮುಕಾ. ಜಾವಾದ ತೊಗಲುಗೊಂಬೆಯಾಟದ ಕಥೆಯಲ್ಲಿ ಘಟೋತ್ಕಚನನ್ನು ಕೂಸಾಗಿದ್ದಾಗಲೇ ಇಂಥ ಕುದಿಯುವ ಕುಳಿಯೊಳಗೆ ಹಾಕಿ, ಉಕ್ಕಿನ ಮೈಯವನಾಗಿ ಹೊರತೆಗೆಯುತ್ತಾರೆ.

ಈ ಹಬೆಯಿಂದಲೇ ಈಗ ವಿದ್ಯುತ್ತೂ ಬರುತ್ತಿದೆ. 60 ಮೆಗಾವಾಟ್ ಸಾಮರ್ಥ್ಯದ ಭೂಶಾಖ ಸ್ಥಾವರದ ದಪ್ಪ ಕೊಳವೆಗಳು ಹೊಲಗಳ ಅಂಚಿನಲ್ಲಿ ಬಳುಕುತ್ತ ಸಾಗುತ್ತವೆ.

ಆದರೆ ಡಿಯೆಂಗಿನ ದೊಡ್ಡ ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ. 1979ರ ಫೆಬ್ರುವರಿ 20ರ ಬೆಳಗಿನ ಜಾವ ಸಿನಿಲಾ ಕುಳಿ ಸಿಡಿಯಿತು. ಸದ್ದಿಗೆ ಎದ್ದ ಕೆಪುಚುಕಾನ್ ಹಳ್ಳಿಯ ಜನ ಮಕ್ಕಳುಮರಿಗಳನ್ನು ಎತ್ತಿಕೊಂಡು ಬಾತೂರ್ ಕಡೆಗೆ ಓಡಿದರು. ಸಿಡಿತದಿಂದ ದೂರ ಹೋದಷ್ಟೂ ಕ್ಷೇಮ ಎಂದು ಯಾರಾದರೂ ನಂಬುವರು, ಅವರೂ ನಂಬಿದರು. ಅದೇ ಹೊತ್ತಿಗೆ ದಾರಿಯ ತಗ್ಗಿನಲ್ಲಿ, ತಿಂಬಾಂಗ್ ಕುಳಿಯ ಬಳಿಯ ಬಿರುಕುಗಳಿಂದ ಇಂಗಾಲದ ಡೈಆಕ್ಸೈಡ್ ಉಕ್ಕುತ್ತಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ತೂಕವಾದ್ದರಿಂದ ನೀರಿನ ಹಾಗೆ ಹಳ್ಳ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಓಡಿ ಬಂದವರು ದಾರಿಯಲ್ಲೇ ಕುಸಿದರು. ಸತ್ತವರು 149 ಮಂದಿ. ಕೆಪುಚುಕಾನ್ ಹಳ್ಳಿ ಮತ್ತೆ ನೆಲೆ ನಿಲ್ಲಲಿಲ್ಲ. ಇಂದಿನ ನಕ್ಷೆಯಲ್ಲಿ ಅದಿಲ್ಲ. 2011ರಲ್ಲಿ ತಿಂಬಾಂಗ್ ಬಳಿ ಅನಿಲದ ಪ್ರಮಾಣ ಮತ್ತೆ ಏರಿದಾಗ ಸುತ್ತಲಿನವರನ್ನು ಮುಂಚಿತವಾಗಿಯೇ ಬೇರೆಡೆಗೆ ಸಾಗಿಸಲಾಯಿತು. ಡಿಯೆಂಗಿನಲ್ಲಿ ಬೆಂಕಿಗಿಂತ ಗಾಳಿಗೆ ಹೆಚ್ಚು ಹೆದರಬೇಕೆಂಬುದು 149 ಜೀವ ತೆತ್ತು ಕಲಿತ ಪಾಠ.

ಇಂಥ ನೆಲವನ್ನೇ ಹುಡುಕಿಕೊಂಡು 7ನೇ ಶತಮಾನದ ಹೊತ್ತಿಗೆ ಶೈವರು ಬಂದರು. ಅವರು 7 ಮತ್ತು 8ನೇ ಶತಮಾನಗಳಲ್ಲಿ ಕಟ್ಟಿದ ಗುಡಿಗಳು ಜಾವಾ ದ್ವೀಪದಲ್ಲಿ ಇಂದಿಗೂ ನಿಂತಿರುವ ಅತ್ಯಂತ ಹಳೆಯ ದೇವಾಲಯಗಳ ಸಾಲಿಗೆ ಸೇರಿವೆ. ಬೊರೊಬುದೂರು, ಪ್ರಂಬನಾನ್ ಬಂದದ್ದು ಇವುಗಳ ನಂತರ. ಆ ಮಹಾಕಟ್ಟಡಗಳನ್ನು ನೋಡಿ ಬಂದವರಿಗೆ ಡಿಯೆಂಗಿನ ಗುಡಿಗಳು ತೀರ ಪುಟ್ಟವೆನಿಸಬಹುದು. ಒಂದು ಗರ್ಭಗುಡಿ, ಮುಂದೆ ಸ್ವಲ್ಪ ಚಾಚಿದ ಬಾಗಿಲು, ಮೇಲೆ ಅಂತಸ್ತಾಗಿ ಕಿರಿದಾಗುತ್ತ ಹೋಗುವ ಮಾಡು, ಅಷ್ಟೇ. ಆದರೆ ಜಾವಾದ ಶಿಲ್ಪಿಗಳು ಕಲ್ಲಿನಲ್ಲಿ ದೇವರ ಮನೆ ಕಟ್ಟುವುದನ್ನು ಹೇಗೆ ಕಲಿತರೆಂಬುದನ್ನು ಇಲ್ಲಿ ನೋಡುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ನೋಡಲಾಗದು.

ಬಯಲಿನ ನಡುವೆ ಅರ್ಜುನ, ಶ್ರೀಕಂಡಿ, ಪುಂತದೇವ, ಸೆಂಬಾದ್ರಾ ಎಂಬ ನಾಲ್ಕು ಗುಡಿಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ, ಪಡುವಣಕ್ಕೆ ಮುಖ ಮಾಡಿ ನಿಂತಿವೆ. ಅರ್ಜುನನ ಗುಡಿಗೆ ಎದುರಾಗಿ, ಅದರತ್ತಲೇ ನೋಡುತ್ತ, ಗಿಡ್ಡನೆಯ ಸೆಮಾರ್ ಗುಡಿ. ಪುಂತದೇವ ಎಂದರೆ ಧರ್ಮರಾಯ, ಸೆಂಬಾದ್ರಾ ಸುಭದ್ರೆ. ಶ್ರೀಕಂಡಿ ನಮ್ಮ ಶಿಖಂಡಿಯೇ. ಜಾವಾದ ಕಥೆಯಲ್ಲಿ ಮಾತ್ರ ಆಕೆ ಬಿಲ್ಲು ಹಿಡಿದ ವೀರವನಿತೆ, ಅರ್ಜುನನ ಹೆಂಡತಿ. ಸೆಮಾರ್ ವ್ಯಾಸರ ಭಾರತದಲ್ಲಿ ಇಲ್ಲವೇ ಇಲ್ಲ. ಡೊಳ್ಳುಹೊಟ್ಟೆಯ ಈ ಸೇವಕ ಜಾವಾದ ರಂಗದ ಸೃಷ್ಟಿ. ವೇಷದಲ್ಲಿ ಆಳು, ನಿಜದಲ್ಲಿ ದೇವರು, ಪಾಂಡವರಿಗೆ ಬುದ್ಧಿ ಹೇಳುವವನು. ಈ ಹೆಸರುಗಳನ್ನೆಲ್ಲ ಗುಡಿ ಕಟ್ಟಿದವರು ಇಟ್ಟದ್ದಲ್ಲ. ಎಷ್ಟೋ ಶತಮಾನಗಳ ನಂತರ, ಮೂಲ ಹೆಸರು ಮರೆತ ಮೇಲೆ, ಊರವರು ತಮಗೆ ಪ್ರಿಯವಾದ ಕಥೆಯಿಂದ ತಂದಿಟ್ಟರು. ಒಳಗಿದ್ದ ದೇವರು ಶಿವ. ಅರ್ಜುನ ಗುಡಿಯ ಬಳಿ ಸಿಕ್ಕ ಹಳೆಯ ಜಾವಾ ಭಾಷೆಯ ಶಾಸನದ ಕಾಲ ಶಕ 731, ಅಂದರೆ ಕ್ರಿ.ಶ. 809.

ಬಾಗಿಲ ಮೇಲೆ, ಗೋಡೆಯ ಗೂಡುಗಳ ಮೇಲೆ ಉಬ್ಬುಗಣ್ಣಿನ ಮುಖವೊಂದು ಕಾಣುತ್ತದೆ. ಕರ್ನಾಟಕದ ಗುಡಿಗಳಲ್ಲಿ ಕೀರ್ತಿಮುಖ ಎನ್ನುವ ಇದನ್ನು ಜಾವಾದಲ್ಲಿ ‘ಕಾಲ’ ಎನ್ನುತ್ತಾರೆ. ಶ್ರೀಕಂಡಿ ಗುಡಿಯ ಹೊರಗೋಡೆಗಳಲ್ಲಿ ಉತ್ತರಕ್ಕೆ ವಿಷ್ಣು, ಪೂರ್ವಕ್ಕೆ ಶಿವ, ದಕ್ಷಿಣಕ್ಕೆ ಬ್ರಹ್ಮ ಇದ್ದಾರೆ. ಮಳೆಗಾಳಿಗೆ ಸವೆದು ಮೂವರ ಮುಖವೂ ಮಾಸಿದೆ. ಸಿಕಿಡಾಂಗಿಗೆ ಹೋಗುವ ದಾರಿಯಲ್ಲಿ ಒಂಟಿಯಾಗಿ ನಿಂತ ಭೀಮನ ಗುಡಿ ಎಲ್ಲಕ್ಕಿಂತ ಬೇರೆ. ಅದರ ಶಿಖರದ ಅಂತಸ್ತುಗಳಲ್ಲಿ ಕುದುರೆಲಾಳದ ಆಕಾರದ ಕಿಂಡಿಗಳಿವೆ, ಪ್ರತಿ ಕಿಂಡಿಯಿಂದಲೂ ಒಂದೊಂದು ಮನುಷ್ಯಮುಖ ಇಣುಕುತ್ತದೆ. ಭಾರತದ ಗುಡಿಗಳ ಮಾಡಿನಲ್ಲಿ ಸಾಮಾನ್ಯವಾಗಿ ಕಾಣುವ ಈ ಗೂಡು ಇಂಡೊನೇಷ್ಯಾದಲ್ಲಿ ಹೀಗೆ ಉಳಿದಿರುವುದು ತೀರ ಅಪರೂಪ.

ಬಯಲು ಬಟ್ಟಲಿನಂತಿರುವುದರಿಂದ ನೀರು ನಿಲ್ಲುವುದು ಹಳೆಯ ತೊಂದರೆ. ಅದಕ್ಕೆ ಆ ಕಾಲದವರು ನೆಲದೊಳಗೆ ಕಾಲುವೆ ತೋಡಿ ನೀರು ಹೊರಹಾಕಿದ್ದರು. ಅದರ ಉಳಿಕೆಯನ್ನು ‘ಗಂಗ್ಸಿರಾನ್ ಅಶ್ವತಾಮ’ ಎಂದು ಕರೆಯುತ್ತಾರೆ, ಅಶ್ವತ್ಥಾಮ ತೋಡಿದ ಸುರಂಗ. ಪಾಂಡವರ ಪಾಳೆಯಕ್ಕೆ ರಾತ್ರಿ ನುಗ್ಗಲು ಅವನು ನೆಲ ಕೊರೆದನಂತೆ. ಗುಡಿಗಳು ಪಾಳುಬಿದ್ದ ಮೇಲೆ ಕಾಲುವೆ ಕಟ್ಟಿಕೊಂಡು ಬಯಲೆಲ್ಲ ಕೆರೆಯಾಯಿತು. ಬ್ರಿಟಿಷರು ಜಾವಾವನ್ನು ಆಳುತ್ತಿದ್ದಾಗ, 1814ರಲ್ಲಿ, ಹೊರಗಿನವರು ಈ ಗುಡಿಗಳನ್ನು ಕಂಡದ್ದು ನೀರಿನಲ್ಲಿ ಅರ್ಧ ಮುಳುಗಿದ ಸ್ಥಿತಿಯಲ್ಲಿ. 1864ರಲ್ಲಿ ಇಸಿಡೋರ್ ವಾನ್ ಕಿನ್ಸ್‌ಬರ್ಗನ್ ಇಲ್ಲಿ ತೆಗೆದ ಛಾಯಾಚಿತ್ರಗಳು ಡಿಯೆಂಗನ್ನು ವಿದ್ವಾಂಸರ ಮೇಜಿಗೆ ತಲುಪಿಸಿದವು. ಈಗ ನಿಂತಿರುವುದು ಎಂಟು ಗುಡಿ. ಸುತ್ತ ಹಲವು ಕಟ್ಟಡಗಳ ಅಡಿಪಾಯಗಳಿವೆ. ಕಲ್ಲುಗಳೆಲ್ಲ ಎಂದೋ ಹೋಗಿವೆ.

ಇಂದಿನ ಡಿಯೆಂಗಿನವರು ಮುಸ್ಲಿಮರು. ಆದರೆ ಇಡೀ ವರ್ಷದಲ್ಲಿ ಅವರಿಗೆ ಅತ್ಯಂತ ಮುಖ್ಯವಾದ ಒಂದು ಶಾಸ್ತ್ರ ನಡೆಯುವುದು ಅರ್ಜುನ ಗುಡಿಯ ಅಂಗಳದಲ್ಲಿ. ಇಲ್ಲಿನ ಕೆಲವು ಮಕ್ಕಳ ಕೂದಲು, ಹುಟ್ಟಿದಾಗ ಎಲ್ಲರಂತೆಯೇ ಇದ್ದು, ಮುಂದೆ ಒಂದು ದಿನ ಜೋರು ಜ್ವರ ಬಂದು ಬಿಟ್ಟ ಮೇಲೆ ತಾನಾಗಿ ಜಡೆಗಟ್ಟುತ್ತದೆ. ಬಾಚಿದರೂ ಬಿಡಿಸಿಕೊಳ್ಳದು. ‘ರಾಂಬುತ್ ಗೆಂಬೆಲ್’ ಎಂಬ ಈ ಜಟೆಯ ಮಕ್ಕಳು ಈ ಸೀಮೆಯ ಮೂಲಪುರುಷ ಕ್ಯಾಯಿ ಕೊಲೊಡೆಟೆಯ ಪಾಲಿನವರೆಂದು ನಂಬಿಕೆ. ಜಟೆಯನ್ನು ಯಾವಾಗ ತೆಗೆಯಬೇಕೆಂದು ನಿರ್ಧರಿಸುವುದು ತಂದೆತಾಯಿಯಲ್ಲ, ಮಗು. ತೆಗೆಯಿರಿ ಎಂದು ಅದೇ ಹೇಳಬೇಕು, ಬದಲಿಗೆ ತನಗೇನು ಬೇಕೆಂದೂ ಕೇಳಬೇಕು. ಒಂದು ಮಗು ಸೈಕಲ್ ಕೇಳುತ್ತದೆ, ಇನ್ನೊಂದು ಆಡು, ಮತ್ತೊಂದು ಬರೀ ಮಿಠಾಯಿ. ಕೇಳಿದ್ದನ್ನು ಕೇಳಿದಂತೆಯೇ ಕೊಡಬೇಕು; ಇಲ್ಲದಿದ್ದರೆ ಜ್ವರ ಮರಳಿ ಜಟೆ ಮತ್ತೆ ಬೆಳೆಯುತ್ತದೆ ಎನ್ನುತ್ತಾರೆ.

ಆ ದಿನ ಮಕ್ಕಳನ್ನು ಮೆರವಣಿಗೆಯಲ್ಲಿ ಕರೆತಂದು, ಗುಡಿಯ ಬಳಿಯ ಪವಿತ್ರ ಕೊಳದ ನೀರಿನಿಂದ ಮೀಯಿಸಿ, ‘ಧರ್ಮಸಾಲ’ ಎಂದು ಇಂದಿಗೂ ಕರೆಯುವ ಹಳೆಯ ಕಲ್ಲುಜಗತಿಯನ್ನು ಹಾಯ್ದು ಅಂಗಳಕ್ಕೆ ಕರೆದೊಯ್ಯುತ್ತಾರೆ. ಹಿರಿಯರು ಪ್ರಾರ್ಥಿಸಿ ಜಟೆ ಕತ್ತರಿಸುತ್ತಾರೆ, ಮಗು ಕೇಳಿದ್ದು ಅದರ ಕೈಸೇರುತ್ತದೆ, ಕೂದಲನ್ನು ಹರಿಯುವ ನೀರಿಗೋ ಕೆರೆಗೋ ಬಿಡುತ್ತಾರೆ. ಹಿಂದೆ ಒಂದೊಂದು ಮನೆಯವರು ತಮ್ಮ ಮಟ್ಟಿಗೆ ಮಾಡಿಕೊಳ್ಳುತ್ತಿದ್ದ ಈ ಶಾಸ್ತ್ರ 2010ರಿಂದ ಡಿಯೆಂಗ್ ಸಂಸ್ಕೃತಿ ಉತ್ಸವದ ಭಾಗವಾಗಿದೆ. ಉತ್ಸವವನ್ನು ನಡೆಸುವುದು ಊರವರದೇ ಪ್ರವಾಸೋದ್ಯಮ ಬಳಗ. ಅದರ ಹೆಸರು ‘ಡಿಯೆಂಗ್ ಪಾಂಡವ’. ಸಾವಿರಾರು ಜನ ಕ್ಯಾಮೆರಾ ಹಿಡಿದು ನಿಂತಿದ್ದರೂ, ಬಿಳಿ ಬಟ್ಟೆ ತೊಟ್ಟ ಮಗು ಕತ್ತರಿಯ ಸದ್ದಿಗೆ ಕಣ್ಣು ಬಿಗಿಯಾಗಿ ಮುಚ್ಚುವ ಗಳಿಗೆ ಇನ್ನೂ ಆ ಮನೆಯವರದಾಗಿಯೇ ಉಳಿದಿದೆ.

ಉತ್ಸವ ಸಾಮಾನ್ಯವಾಗಿ ಬೀಳುವ ಜುಲೈ-ಆಗಸ್ಟ್ ಡಿಯೆಂಗಿನಲ್ಲಿ ಮಳೆಯಿಲ್ಲದ, ಕಡುಚಳಿಯ ಕಾಲ. ಸಮಭಾಜಕ ವೃತ್ತದಿಂದ ಕೇವಲ ಏಳು ಡಿಗ್ರಿ ದಕ್ಷಿಣದ ಈ ಊರಿನಲ್ಲಿ ಆಗ ಕೆಲವು ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದು, ಗುಡಿಯ ಸುತ್ತಲ ಹುಲ್ಲು ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಅದನ್ನು ನೋಡಲೆಂದೇ ನಗರಗಳಿಂದ ಜನ ಬರುತ್ತಾರೆ. ರೈತರು ಅದಕ್ಕಿಟ್ಟ ಹೆಸರು ‘ಎಂಬುನ್ ಉಪಾಸ್’, ಅಂದರೆ ವಿಷದ ಇಬ್ಬನಿ. ಬಿಸಿಲೇರುವ ಮೊದಲೇ ಹೊಲಕ್ಕಿಳಿದು ಎಲೆಗಳ ಮೇಲೆ ನೀರು ಚಿಮುಕಿಸಿ ಹಿಮ ತೊಳೆಯಲು ನೋಡುತ್ತಾರೆ. ತಡವಾದರೆ ಆಲೂಗೆಡ್ಡೆ ಗಿಡ ಬೆಂಕಿ ತಾಗಿದಂತೆ ಕಪ್ಪಾಗಿ ಬಾಗುತ್ತದೆ. ಇಂಥ ಚಳಿಯಲ್ಲಿ ನೆಂಟರನ್ನು ಕೂರಿಸುವುದು ಅಡುಗೆಮನೆಯ ಒಲೆಯ ಬಳಿ. ಹೆಗಲಿಗೆ ಸರೋಂಗ್ ಸುತ್ತಿಕೊಂಡವರ ಕೈಗೆ ಬಿಸಿ ಚಹಾದ ಜೊತೆ ‘ತೆಂಪೆ ಕೆಮುಲ್’ ಬರುತ್ತದೆ. ಹುದುಗಿಸಿದ ಸೋಯಾ ಬಿಲ್ಲೆಯನ್ನು ಅರಿಸಿನದ ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಕೆಮುಲ್ ಎಂದರೆ ಹೊದಿಕೆ. ಈ ಊರಿನಲ್ಲಿ ತಿಂಡಿಗೂ ಕಂಬಳಿ ಹೊದಿಸುತ್ತಾರೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದಿಂದ ಬಂದು ಇಲ್ಲಿ ನೆಲೆಯೂರಿದ ‘ಕಾರಿಕಾ’ ಎಂಬ ಪುಟ್ಟ ಪರಂಗಿಯನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ವೊನೊಸೊಬೊದ ಅಂಗಡಿಗಳಲ್ಲೆಲ್ಲ ಮಾರುತ್ತಾರೆ.

ಆಲೂಗೆಡ್ಡೆಯೂ ಆಂಡೀಸಿನದೇ. ಹಿಂದೆ ಜೋಳ, ಹೊಗೆಸೊಪ್ಪು, ಎಲೆಕೋಸು ಬೆಳೆಯುತ್ತಿದ್ದ ಡಿಯೆಂಗ್ 1980ರ ದಶಕದಿಂದ ಆಲೂಗೆಡ್ಡೆಗೆ ತಿರುಗಿತು. ಹಣ ಬಂತು. ಮನೆಗಳು ಕಾಂಕ್ರೀಟಿನವಾದವು, ಅನೇಕರು ಹಜ್ ಯಾತ್ರೆ ಮುಗಿಸಿ ಬಂದರು. ಬಡತನದಿಂದ ಮೇಲೆದ್ದ ರೈತರನ್ನು ದೂರುವುದು ನ್ಯಾಯವಲ್ಲ. ಆದರೆ ಬೆಲೆ ತೆತ್ತದ್ದು ಗುಡ್ಡ. ಆಲೂಗೆಡ್ಡೆಯ ಬುಡದಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಆದ್ದರಿಂದ ಇಲ್ಲಿ ಏರುಮಡಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಕದೆ, ಮೇಲಿನಿಂದ ಕೆಳಕ್ಕೆ ನೇರವಾಗಿ ಎಳೆಯುತ್ತಾರೆ. ಮಳೆ ಬಂದಾಗ ಪ್ರತಿ ಸಾಲೂ ಒಂದು ಕಾಲುವೆ. ಮರಗಳು ಹೋದ ಗುಡ್ಡದ ನೆತ್ತಿಯವರೆಗೂ ಸಾಲುಗಳಿವೆ. ಮೇಲ್ಮಣ್ಣು ಹೋದಷ್ಟೂ ಲಾರಿಗಟ್ಟಲೆ ಕೋಳಿಗೊಬ್ಬರ ತಂದು ಸುರಿಯಬೇಕು, ಖರ್ಚು ಏರುತ್ತದೆ, ಇಳುವರಿ ಏರುವುದಿಲ್ಲ.

ಆ ಮಣ್ಣು ಎಲ್ಲಿಗೆ ಹೋಗುತ್ತದೆಂಬುದು ಗುಟ್ಟೇನಲ್ಲ. ಮಧ್ಯ ಜಾವಾದ ದೊಡ್ಡ ನದಿಗಳಲ್ಲೊಂದಾದ ಸೆರಾಯು ಹುಟ್ಟುವುದು ಡಿಯೆಂಗಿನ ‘ತುಕ್ ಬಿಮೊ ಲುಕಾರ್’ ಎಂಬ ಬುಗ್ಗೆಯಲ್ಲಿ. ಭೀಮನ ಹೆಸರಿನ ಈ ಬುಗ್ಗೆಯ ನೀರು ಹಳೆಯ ಕಲ್ಲಿನ ದೋಣಿಗಳಿಂದ ತಿಳಿಯಾಗಿ ಬೀಳುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ಇಳಿಯುವಷ್ಟರಲ್ಲಿ, ಮಳೆಗಾಲದಲ್ಲಿ, ಹೊಳೆ ಕಂದುಬಣ್ಣಕ್ಕೆ ತಿರುಗಿರುತ್ತದೆ. ಕೆಳಗೆ ಬಂಜಾರ್‌ನೆಗಾರಾ ಪಟ್ಟಣದ ಬಳಿ 1980ರ ದಶಕದ ಕೊನೆಯಲ್ಲಿ ಕಟ್ಟಿ ಮುಗಿಸಿದ ಮ್ರಿಚಾ ಜಲಾಶಯ ಅಂದಾಜಿಗಿಂತ ಬಹಳ ಬೇಗ ಹೂಳು ತುಂಬಿಕೊಂಡಿದೆ. ಗುಡ್ಡದ ಮೇಲುಭಾಗಕ್ಕೆ ಮರಗಳನ್ನು ಮರಳಿ ತರುವ, ಕಾರಿಕಾ ಮತ್ತು ಕಾಫಿ ನೆಡಿಸುವ ಪ್ರಯತ್ನಗಳು ನಡೆದಿವೆ. ಆಲೂಗೆಡ್ಡೆ ಮೂರು-ನಾಲ್ಕು ತಿಂಗಳಲ್ಲಿ ದುಡ್ಡು ಕೊಡುತ್ತದೆ, ಮರ ವರ್ಷಗಟ್ಟಲೆ ಕಾಯಿಸುತ್ತದೆ. ಆ ವರ್ಷಗಳ ಖರ್ಚನ್ನು ರೈತನ ತಲೆಗೆ ಬಿಡದೆ ಸರ್ಕಾರವೂ, ಕೆಳಗೆ ಸೆರಾಯುವಿನ ನೀರು ಮತ್ತು ವಿದ್ಯುತ್ತು ಬಳಸುವವರೂ ಹೊರಬೇಕು. ಗುಡಿಗಳ ಸುತ್ತ ಬೇಲಿ ಇದೆ, ಕಾವಲಿದೆ. ಅವುಗಳ ಹಿಂದಿನ ಗುಡ್ಡಕ್ಕೆ ಎರಡೂ ಇಲ್ಲ.