ಚಾಪೆ ಹಾಸಲು ಒಂದು ಒಣ ಕೋಣೆ

ಗೋಕಾಕ ಮತ್ತು ಮೂಡಲಗಿ ನಡುವಿನ ಕಲ್ಲೋಳಿಯಂಥ ಊರಿನಲ್ಲಿ ಮನೆ ಕೊಳ್ಳಲು ಹೊರಟವರು ಮೊದಲು ಕೇಳುವುದು ಉತಾರ ಸರಿಯಿದೆಯೇ, ಪ್ಲಾಟು ಎನ್.ಎ. (ಕೃಷಿಯೇತರ) ಆಗಿದೆಯೇ, ಬೋರಿನ ನೀರು ಹೇಗಿದೆ ಎಂದು. ಒಳಗೆ ಕಾಲಿಟ್ಟ ಮೇಲೆ ಕಣ್ಣು ಹಾಯುವುದು ಹಾಲಿನ ಅಗಲಕ್ಕೆ, ಅಡುಗೆಮನೆಯ ಗ್ರಾನೈಟ್ ಕಟ್ಟೆಗೆ, ದೇವರ ಕೋಣೆಯ ದಿಕ್ಕಿಗೆ. ಬೆಳಿಗ್ಗೆ ಅರ್ಧ ತಾಸು ಆಸನ ಹಾಕುವುದೆಲ್ಲಿ, ಮಂಡಿನೋವಿನ ಅಜ್ಜಿ ವೈದ್ಯರು ಹೇಳಿಕೊಟ್ಟ ವ್ಯಾಯಾಮ ಮಾಡುವುದೆಲ್ಲಿ ಎಂದು ಕೇಳುವವರು ಅಪರೂಪ. ದೊಡ್ಡ ನಗರಗಳಲ್ಲಿ ‘ವೆಲ್‌ನೆಸ್ ರೂಮ್’ ಎಂಬ ಹೆಸರಿನಲ್ಲಿ ಇದಕ್ಕೊಂದು ಹೆಚ್ಚುವರಿ ಕೋಣೆಯನ್ನೇ ತೋರಿಸುತ್ತಾರೆ. ನಮಗೆ ಅಷ್ಟು ಬೇಕಾಗಿಲ್ಲ. ಇರುವ ಕೋಣೆಗಳಲ್ಲೇ ಒಂದಕ್ಕೆ ಒಣ ನೆಲ, ಹಾದುಹೋಗುವ ಗಾಳಿ, ಮುಚ್ಚಿಕೊಳ್ಳಲು ಬಾಗಿಲು ಇದ್ದರೆ ಸಾಕು. ಬಾಗಿಲನ್ನು ಆಮೇಲೆ ಕೂಡಿಸಬಹುದು. ನೆಲವನ್ನೂ ಗಾಳಿಯನ್ನೂ ಕೊಂಡ ಮೇಲೆ ಬದಲಿಸುವುದು ಬಲು ಕಷ್ಟ. ಹಾಗಾಗಿ ಮುಂಗಡ ಕೊಡುವ ಮೊದಲೇ ಆ ಕೋಣೆ ಯಾವುದೆಂದು ಗುರುತಿಸಬೇಕು.

ಹೊಲದಲ್ಲಿ ದುಡಿಯುವವರ ಸೀಮೆಯಲ್ಲಿ ವ್ಯಾಯಾಮಕ್ಕೆ ಜಾಗ ಯಾತಕ್ಕೆ ಎಂದು ಕೇಳುವವರಿದ್ದಾರೆ. ದುಡಿತ ಈಗ ಎಲ್ಲರ ಪಾಲಿಗೂ ಉಳಿದಿಲ್ಲ. ಅಂಗಡಿಯ ಗಲ್ಲೆ, ಬ್ಯಾಂಕು, ಶಾಲೆ, ಬೈಕು ಎಂದು ಕುಳಿತೇ ದಿನ ಕಳೆಯುವವರು ಮನೆಗೊಬ್ಬರಾದರೂ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಾಜಿಸಿತು. ಹಳ್ಳಿಗಳೂ ಆ ಲೆಕ್ಕದಿಂದ ಹೊರಗಿಲ್ಲ. ಇನ್ನು ಹೊಲದ ಕೆಲಸವೇ ಉಳಿದವರ ಮಾತು: ದಿನವಿಡೀ ಬಗ್ಗಿ ಕಳೆ ತೆಗೆಯುವ ಹೆಣ್ಣುಮಗಳ ಸೊಂಟಕ್ಕೆ ಬೇಕಾದದ್ದು ಮತ್ತಷ್ಟು ದುಡಿತವಲ್ಲ, ಬೆನ್ನನ್ನು ಹಿಂದಕ್ಕೆ ಬಾಗಿಸಿ ಸಡಿಲಗೊಳಿಸುವ ಬಿಡುವು. ಊರಿನಲ್ಲಿ ಗರಡಿಮನೆ ಇದೆಯಲ್ಲ ಎನ್ನಬಹುದು. ಗರಡಿ ಈ ಭಾಗದ ಹೆಮ್ಮೆ ನಿಜ, ಆದರೆ ಅದು ಗಂಡಸರ ಜಾಗ. ನಸುಕಿನಲ್ಲಿ ವಾಕಿಂಗ್ ಹೊರಡೋಣವೆಂದರೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ನಡುವೆ ನಡೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಚಟುವಟಿಕೆ ಬೇಕೆನ್ನುತ್ತದೆ. 2022ರಲ್ಲಿ ಭಾರತದ ಗಂಡಸರಲ್ಲಿ ಶೇ. 42ರಷ್ಟು, ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ಸಾಕಷ್ಟು ಚಟುವಟಿಕೆ ಇರಲಿಲ್ಲವೆಂದು ಎರಡು ವರ್ಷಗಳ ನಂತರ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ ವರದಿ ಮಾಡಿತು. ಈ ಅಂತರ ನೋಡಿದರೆ ಮನೆಯೊಳಗಿನ ಕೋಣೆ ಯಾರಿಗೆ ಹೆಚ್ಚು ಅಗತ್ಯವೆಂಬುದು ತಿಳಿಯುತ್ತದೆ.

ನೋಡಬೇಕಾದ್ದರಲ್ಲಿ ಮೊದಲನೆಯದು ನೆಲ. ಘಟಪ್ರಭಾ ಕಾಲುವೆಯ ನೀರು ಈ ಸೀಮೆಗೆ ಕಬ್ಬು ಕೊಟ್ಟಿತು. ನೀರು ಹೆಚ್ಚಾದಲ್ಲಿ ಸವಳು-ಜವಳನ್ನೂ ಕೊಟ್ಟಿತು. ಅಂಥ ಹೊಲವನ್ನು ಎನ್.ಎ. ಮಾಡಿಸಿ ಮನೆ ಕಟ್ಟಿದರೆ ನೆಲದಡಿಯ ಹಸಿ ಗೋಡೆ ಹತ್ತುತ್ತದೆ. ಸುಣ್ಣ-ಬಣ್ಣ ಹೊಸದಾಗಿದ್ದರೂ ನೆಲದಿಂದ ಎರಡು ಅಡಿಯವರೆಗೆ ಗೋಡೆಯನ್ನು ಬೆರಳಿನಿಂದ ಉಜ್ಜಿ ನೋಡಿ: ಬಿಳಿ ಉಪ್ಪಿನ ಹುಡಿ ಅಂಟಿದರೆ, ಬಣ್ಣ ಹಕ್ಕಳೆಯಾಗಿ ಏಳುತ್ತಿದ್ದರೆ, ಹಸಿ ಇದೆ ಎಂದೇ ಅರ್ಥ. ಟೈಲ್ಸ್ ಹಾಕಿರದ ನೆಲವಾದರೆ ಇನ್ನೊಂದು ಉಪಾಯವಿದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ರಾತ್ರಿ ಬಿಡಬೇಕು; ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ನೀರಹನಿ ಕಟ್ಟಿದ್ದರೆ ಆ ನೆಲ ಬೆವರುತ್ತದೆ. ಹಸಿ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಬ್ಬಸ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಆಳವಾಗಿ ಉಸಿರೆಳೆಯಲೆಂದೇ ಕೂರುವ ಕೋಣೆಯಲ್ಲಿ ಬೂಷ್ಟಿನ ಗಾಳಿ ಇದ್ದರೆ ಅದು ಪ್ರಾಣಾಯಾಮಕ್ಕೆ ತಕ್ಕ ಜಾಗವಲ್ಲ. ಎರಿ ಮಣ್ಣಿನ ಜಾಗವಾದರೆ ಬುನಾದಿ ಎಷ್ಟು ಆಳ, ಒಳಗೆ ಮುರಮು ತುಂಬಿದ್ದಾರೆಯೇ ಎಂದೂ ಕೇಳಬೇಕು. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಾಗ ನೆಲ ಏರುಪೇರಾಗುತ್ತದೆ, ವಯಸ್ಸಾದವರು ಎಡವುತ್ತಾರೆ. ನದಿಯ ಹತ್ತಿರದ ಮನೆಗಳಿಗೆ 2019ರ ಆಗಸ್ಟ್‌ನ ನೆರೆ ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಮಾರುವವರಿಗಿಂತ ನೆರೆಮನೆಯವರೇ ಸರಿಯಾಗಿ ಹೇಳುತ್ತಾರೆ.

ಕಿಟಕಿಯ ವಿಷಯದಲ್ಲಿ ಅಳತೆ ಮೋಸ ಮಾಡುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಒಣ ಬಿಸಿ ಹವೆಯ ಪ್ರದೇಶದಲ್ಲಿ ಕೋಣೆಯ ನೆಲದ ಹತ್ತರಲ್ಲಿ ಒಂದು ಪಾಲಿನಷ್ಟು ತೆರಪು ಕೇಳುತ್ತದೆ. ಹತ್ತಡಿ ಚೌಕದ ಕೋಣೆಗೆ ಅದು 10 ಚದರಡಿ. ನಾಲ್ಕಡಿ ಚೌಕದ ಕಿಟಕಿ ಇದೆ, 16 ಚದರಡಿ ಆಯಿತಲ್ಲ ಎಂದು ಸಮಾಧಾನಪಡುತ್ತೇವೆ. ಈಗ ಎಲ್ಲೆಡೆ ಕೂರಿಸುವ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಅರ್ಧವಷ್ಟೇ ತೆರೆಯುತ್ತದೆ. ಗಾಳಿಗೆ ಸಿಗುವುದು 8 ಚದರಡಿ ಮಾತ್ರ. ಪಕ್ಕಕ್ಕೆ ತೆರೆಯುವ ಹಳೆಯ ಬಗೆಯ ಜೋಡಿ ಕದದ ಕಿಟಕಿಯೇ ಇಲ್ಲಿ ಮೇಲು. ಅದರ ಎದುರಿನ ಗೋಡೆಯಲ್ಲಿ ಇನ್ನೊಂದು ಕಿಟಕಿಯೋ ಬಾಗಿಲೋ ಇರಲೇಬೇಕು, ಇಲ್ಲದಿದ್ದರೆ ಒಳಬಂದ ಗಾಳಿ ಹೊರಹೋಗುವುದಿಲ್ಲ. ನಮ್ಮ ಮಾಳಿಗೆ ಮನೆಗಳಿಗೆ ಕಿಟಕಿ ಕಡಿಮೆಯಿದ್ದರೂ ಮೇಲಿನ ಬೆಳಕಿಂಡಿಯಿಂದ ಬಿಸಿಗಾಳಿ ಹೊರಬೀಳುತ್ತಿತ್ತು, ದಪ್ಪ ಮಣ್ಣಿನ ಮೇಲ್ಮುದ್ದೆ ಬಿಸಿಲನ್ನು ತಡೆಯುತ್ತಿತ್ತು. ಆರ್‌ಸಿಸಿ ಸ್ಲ್ಯಾಬಿಗೆ ಆ ಗುಣವಿಲ್ಲ. ಮೇಲ್ಮಹಡಿಯ ಕೋಣೆ ಶಾಂತವಾಗಿದೆ ಎಂದು ಆರಿಸಿಕೊಂಡರೆ ಏಪ್ರಿಲ್ ಸಂಜೆ ಅಲ್ಲಿ ಕೂರಲಾಗದು; ಪಶ್ಚಿಮ ಗೋಡೆಯ ಕೋಣೆಗೂ ಇದೇ ಪಾಡು. ಕೆಳಗಿನ ಪೂರ್ವದ ಅಥವಾ ಉತ್ತರದ ಕೋಣೆ ಉತ್ತಮ. ರಸ್ತೆಯ ಕಡೆಯ ಕೋಣೆ ಮಾತ್ರ ಬೇಡ. ಹಂಗಾಮು ಶುರುವಾಯಿತೆಂದರೆ ಟ್ರ್ಯಾಕ್ಟರಿನ ಡೆಕ್ ಹಾಡು ರಾತ್ರಿಯೆಲ್ಲ ಕೇಳುತ್ತದೆ, ಹೊಲದಲ್ಲಿ ಕಬ್ಬಿನ ರವದಿ ಸುಟ್ಟ ಮಸಿ ಹಾರಿ ಬರುತ್ತದೆ.

ಇಷ್ಟೆಲ್ಲ ನೋಡಲು ಸಿರಿವಂತರಾಗಿರಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಚಾಪೆಯ ಅಳತೆ ಆರಡಿ ಉದ್ದ, ಎರಡಡಿ ಅಗಲ. ಕೈಚಾಚಿ ನಿಲ್ಲಲು, ಉದ್ದಕ್ಕೆ ಮಲಗಲು ಏಳಡಿ ಚೌಕ ಖಾಲಿ ಸಿಕ್ಕರೆ ಒಬ್ಬರಿಗೆ ಧಾರಾಳ. 30×40ರ ಪ್ಲಾಟಿನ ಮನೆಯಲ್ಲೂ ಮಕ್ಕಳು ಓದುವ ಕೋಣೆಯೇ ಬೆಳಗಿನ ಹೊತ್ತು ಇದಕ್ಕಾಗುತ್ತದೆ, ಮಂಚ-ಕಪಾಟುಗಳನ್ನು ಒಂದು ಬದಿಗೆ ಸರಿಸಿದರೆ. ಒಂದು ಗೋಡೆಯನ್ನು ಶೋಕೇಸಿಲ್ಲದೆ ಬೋಳಾಗಿ ಬಿಡಬೇಕು. ಗೋಡೆ, ಕುರ್ಚಿ, ಹಗ್ಗಗಳ ಆಸರೆಯಿಂದ ರೋಗಿಗಳೂ ವೃದ್ಧರೂ ಆಸನ ಮಾಡಬಹುದೆಂದು ಲೋಕಕ್ಕೆ ತೋರಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರದ ಬೆಳ್ಳೂರಿನವರು. ತಲೆಯ ಮೇಲೂ ಒಮ್ಮೆ ನೋಡಬೇಕು: ಸೂರ್ಯನಮಸ್ಕಾರಕ್ಕೆ ಕೈ ಎತ್ತಿದರೆ ಎತ್ತರದ ಆಳಿನ ಬೆರಳು ಏಳೂವರೆ ಅಡಿ ಮುಟ್ಟುತ್ತದೆ, ಏಳಡಿಗೆ ಅಟ್ಟ ಹಾಕಿದ ಮೂಲೆ, ತಗ್ಗಿಗೆ ತೂಗುವ ಫ್ಯಾನು ಆಗಿಬರುವುದಿಲ್ಲ. ವಾಸ್ತುವನ್ನು ನಂಬುವವರಿಗೂ ಇದರಿಂದ ತೊಡಕಿಲ್ಲ. ಈಶಾನ್ಯದಲ್ಲಿ ದೇವರ ಕೋಣೆ ಇರಲಿ, ಅದರ ಪಕ್ಕದ ಪೂರ್ವದ ಕೋಣೆ ಇದಕ್ಕಿರಲಿ. ಬಾಗಿಲು ಮುಚ್ಚಿದ ಕೋಣೆಯೊಳಗೆ ಊದುಬತ್ತಿಯ ಹೊಗೆ ತುಂಬದಂತೆ ನೋಡಿಕೊಂಡರಾಯಿತು. ಮನೆ ಇನ್ನೂ ಕಟ್ಟುತ್ತಿರುವ ಹಂತದಲ್ಲಿದ್ದರೆ ಗೋಡೆ ಕಿಟಕಿಯ ತಳಮಟ್ಟಕ್ಕೆ ಏರುವ ಮೊದಲೇ ಮೇಸ್ತ್ರಿಗೆ ಎರಡನೇ ಕಿಟಕಿಯ ಜಾಗ ತೋರಿಸಬೇಕು. ಆಗ ಅದಕ್ಕೆ ತಗಲುವುದು ಒಂದು ಚೌಕಟ್ಟು, ಎರಡು ಕದಗಳ ಖರ್ಚು ಮಾತ್ರ.